ರೇಣುಕಾಳ ಬಾಯಿ ಬಿಡಿಸಿದ ಕಥೆ

ಶಾಲಾ ಸಮಾಜಕಾರ್ಯದ ತರಬೇತಿಗೆ ಬರುವ ಹೊಸಬರಿಗೆ ಮೊದಲ ದಿನವೇ ಒಂದು ಕಥೆ ಹೇಳುತ್ತಾರೆ. ಒಂದು ಸರ್ಕಾರಿ ಶಾಲೆ, ಅಲ್ಲೊಬ್ಬಳು ಕೂಲಿಯವರ ಹುಡುಗಿ. ಸೇರಿ ವರ್ಷವಾದರೂ ಬಾಯಿ ತೆರೆದಿಲ್ಲ. ಆಗ ನಮ್ಮ ಫೆಲೋಶಿಪ್ಪಿನ ತರುಣಿಯೊಬ್ಬಳು ಬಂದು ಶಾಸ್ತ್ರೋಕ್ತವಾಗಿ, ಆರು ಹಂತಗಳಲ್ಲಿ, ಅವಳ ಮೌನ ಮುರಿಯುತ್ತಾಳೆ. ಕೊನೆಗೆ ಹುಡುಗಿ ತುಂಬಿದ ಸಭೆಯಲ್ಲಿ ಮೈಕ್ ಹಿಡಿದು ಮಾತಾಡುತ್ತಾಳೆ. ದಾನಿಗಳು ಕಣ್ಣೊರೆಸಿಕೊಳ್ಳುತ್ತಾರೆ. ಲೈಟ್ ಹತ್ತುತ್ತದೆ, ಚಹಾ ಬರುತ್ತದೆ.

ಈ ಕಥೆಗೆ ನನ್ನ ಆಕ್ಷೇಪಣೆ ಮೂರು. ಹುಡುಗಿ ಮೂಗಿಯಾಗಿರಲಿಲ್ಲ. ಹಂತಗಳು ಆರಿರಲಿಲ್ಲ, ಒಂದೂ ಇರಲಿಲ್ಲ. ಮೂರನೆಯದನ್ನು ಕಡೆಗೆ ಹೇಳುತ್ತೇನೆ. ಗಟ್ಟಿ ವಾದವನ್ನು ಕೊನೆಗೆ ಉಳಿಸಿಕೊಳ್ಳಬೇಕೆಂದು ಕಾಲೇಜಿನ ಚರ್ಚಾಕೂಟದಲ್ಲಿ ಕಲಿಸಿದ್ದಾರೆ. ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀ ಎಂದು ಕೇಳಿದರೆ, ಆ ಕಥೆಯ ತರುಣಿ ನಾನೇ.

ಮೂವತ್ತು ತುಂಬುವ ಮೊದಲೇ ನಾನು ಈ ವೃತ್ತಿಯಿಂದ ನಿವೃತ್ತಳಾದೆ. ಅಪ್ಪ ಲೆಕ್ಕಪತ್ರ ಇಲಾಖೆಯಿಂದ ನಿವೃತ್ತರಾದದ್ದೂ ಅದೇ ತಿಂಗಳು. ಹೈದರಾಬಾದಿನ ಉಪ್ಪಲ್‌ನ ನಮ್ಮ ಮನೆಗೆ ಅವರು ಹಾರ, ಶಾಲು, ಗೋಡೆ ಗಡಿಯಾರದೊಂದಿಗೆ ಬಂದರು. ನಾನು ಬೆನ್ನಿನ ಬ್ಯಾಗಿನೊಂದಿಗೆ ಬಂದೆ. "ನಿಂದೂ ಮುಗೀತಲ್ಲ, ಪೆನ್ಷನ್ ಎಷ್ಟ ಬರ್ತೈತಿ?" ಎಂದು ಅಪ್ಪ ಕೇಳಿದರು. "ಅನುಭವ ಬರ್ತೈತಿ" ಎಂದೆ. "ಅದನ್ನ ಬ್ಯಾಂಕಿನ್ಯಾಗ ತಗೋತಾರೇನ?" ಎಂದು ಅಮ್ಮ ಅಡುಗೆಮನೆಯಿಂದ ಕೂಗಿದಳು. ತಗೊಳ್ಳುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಈ ವರ್ಷ ಹೊಸದಾಗಿ ಸೇರಿದವರು ಓದಲಿ. ಒಪ್ಪಲೇಬೇಕೆಂದಿಲ್ಲ, ಎದುರುವಾದವಿದ್ದರೆ ಕೇಳಲು ಈಗ ನನಗೆ ಬೇಕಾದಷ್ಟು ಬಿಡುವಿದೆ.

ನಾನು ಈ ಕೆಲಸಕ್ಕೆ ಬಂದದ್ದು ಮಕ್ಕಳ ಮೇಲಿನ ಪ್ರೀತಿಯಿಂದಲ್ಲ. ಸಂದರ್ಶನದಲ್ಲಿ ಹಾಗೆ ಹೇಳಿದ್ದೆ, ಎಲ್ಲರೂ ಹೇಳುತ್ತಾರೆ. ಸಮಾಜಕಾರ್ಯದ ಸ್ನಾತಕೋತ್ತರ ಓದಿಗೆ ಶುಲ್ಕ ಫೆಲೋಶಿಪ್ಪಿನ ಸಂಸ್ಥೆಯವರೇ ಕಟ್ಟುತ್ತಿದ್ದರು, ಮೇಲೆ ತಿಂಗಳಿಗೆ ಶಿಷ್ಯವೇತನ. ಪ್ರತಿಯಾಗಿ ಓದು ಮುಗಿದ ಮೇಲೆ ಮೂರು ವರ್ಷ ಅವರು ಹೇಳಿದ ಶಾಲೆಗಳಲ್ಲಿ ದುಡಿಯುವ ಬಾಂಡ್. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು ನಮ್ಮ ಶೋಕೇಸಿನಲ್ಲಿ ಸಾಲಾಗಿದ್ದವು, ಶುಲ್ಕದ ಕೌಂಟರಿನಲ್ಲಿ ಅವುಗಳಿಗೆ ಬೆಲೆ ಇರಲಿಲ್ಲ. ನಾನೇನೋ ಮಧ್ಯಮ ವರ್ಗದವಳು, ಹೇಗೋ ಆಗುತ್ತಿತ್ತು. ತರಬೇತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಸ್ವಪ್ನಾಗೆ ಹಾಗಲ್ಲ. ಅವಳಪ್ಪ ಪಟಾನ್‌ಚೆರುವಿನ ಔಷಧ ಕಾರ್ಖಾನೆಯಲ್ಲಿ ಕೆಲಸಗಾರ. ಶಿಷ್ಯವೇತನ ನಿಂತ ತಿಂಗಳೇ ಅವಳ ಓದೂ ನಿಲ್ಲುತ್ತಿತ್ತು. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ತರಬೇತಿ ನಡೆಯುತ್ತಿದ್ದದ್ದು ಕೊಂಡಾಪುರದ ಗಾಜಿನ ಕಟ್ಟಡವೊಂದರ ಆರನೇ ಮಹಡಿಯಲ್ಲಿ. ಬಡತನವನ್ನು ಅಷ್ಟು ಎತ್ತರದಿಂದ, ಅಷ್ಟು ತಂಪಾದ ಕೋಣೆಯಲ್ಲಿ ಕಲಿಯುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ಪಾಠದ ಮುಖ್ಯ ಅಂಗ ಅಭಿನಯ: ಒಬ್ಬರು ಸಮಾಜ ಕಾರ್ಯಕರ್ತೆ, ಇನ್ನೊಬ್ಬರು ಕಷ್ಟದಲ್ಲಿರುವ ಪಾಲಕರು. ಮನೆಯಿಂದ ಹಳೆಯ ಸೀರೆ ತರಲು ಹೇಳಿದ್ದರು. ನನಗೆ ಬಂದದ್ದು ಕುಡುಕ ತಂದೆಯ ಪಾತ್ರ. ನಾನು ತೂರಾಡುತ್ತ ವಾದಿಸಿದೆ: ಕೂಲಿ ಯಾಕೆ ಏರಿಲ್ಲ, ಮದ್ಯದಂಗಡಿ ಶಾಲೆಗಿಂತ ಹತ್ತಿರ ಯಾಕಿದೆ, ಮೊದಲು ಅದಕ್ಕೆ ಉತ್ತರ ಕೊಡಿ ಎಂದು. ದೆಹಲಿಯಿಂದ ಬಂದಿದ್ದ ತರಬೇತುದಾರ ಮೇಡಂ ತಡೆದರು. "ತಂದೆ ಇಷ್ಟೊಂದು ತರ್ಕ ಮಾಡುವುದಿಲ್ಲ. ಸ್ವಲ್ಪ ಬಡತನ ಜಾಸ್ತಿ ಮಾಡಿ."

ಸ್ವಪ್ನಾ ನನ್ನ ಕಿವಿಯಲ್ಲಿ, "ಅರೆ ಯಾರ್, ನಮ್ಮಪ್ಪನನ್ನ ಕರಕೊಂಡು ಬಂದರೆ ಅವನೂ ಇಲ್ಲಿ ಫೇಲಾಗುತ್ತಾನೆ" ಎಂದಳು.

ಈ ಎಲ್ಲದರ ನಿರ್ದೇಶಕರು ದೇಸಾಯಿ ಸರ್. ಗುಲ್ಬರ್ಗಾ ಕಡೆಯ ಮನೆತನ, ಅಜ್ಜನ ಕಾಲದಿಂದ ಹೈದರಾಬಾದಿನಲ್ಲಿ ನೌಕರಿ ಮಾಡಿಕೊಂಡು ಬಂದವರು, ನಮ್ಮ ಹಾಗೆಯೇ. ಆದರೆ ಅವರ ಬಾಯಲ್ಲಿ ಕನ್ನಡ ಕೇಳಿದವರಿಲ್ಲ. ದಾನಿಗಳೊಡನೆ ಇಂಗ್ಲಿಷು, ಡ್ರೈವರನೊಡನೆ ಹಿಂದಿ, ಹೆಡ್‌ಮಿಸ್ಟ್ರೆಸ್ ಜೊತೆ ತೆಲುಗು. ಮನೆಯಿಂದ ತಾಯಿ ಫೋನ್ ಮಾಡಿದರೆ ಲಿಫ್ಟಿನ ಬಳಿ ಹೋಗಿ ಪಿಸುಗುಡುತ್ತಿದ್ದರು. ತಪ್ಪು ಹುಡುಕುತ್ತಿಲ್ಲ, ಈ ಊರಿನಲ್ಲಿ ನಾವೆಲ್ಲ ಚಪ್ಪಲಿ ಹಾಕಿಕೊಳ್ಳುವಾಗಲೇ ಕನ್ನಡವನ್ನು ಬಾಗಿಲ ಬಳಿ ಬಿಡುವವರು.

ಎರಡನೆಯ ವರ್ಷ ನನ್ನನ್ನು ಕೊಂಡಾಪುರದಲ್ಲೇ, ಅಪಾರ್ಟ್‌ಮೆಂಟುಗಳ ಹಿಂದೆ ಅವಿತಿದ್ದ ಸರ್ಕಾರಿ ಪ್ರಾಥಮಿಕ ಶಾಲೆಗೆ ಹಾಕಿದರು. ಮೊದಲ ದಿನ ನಾನು ಹೆಡ್‌ಮಿಸ್ಟ್ರೆಸ್ ಮುಂದೆ ಮಕ್ಕಳ ಹಕ್ಕುಗಳ ಬಗ್ಗೆ ಚೊಕ್ಕ ಭಾಷಣ ಮಾಡಿದೆ. ಆಕೆ ಪೂರ್ತಿ ಕೇಳಿ, "ಚೆನ್ನಾಗಿದೆ ತಲ್ಲೀ, ಗಂಟಲು ಗಟ್ಟಿ ಇದೆ. ಎರಡನೇ ಕ್ಲಾಸಿನ ಟೀಚರ್ ರಜೆ, ಹೋಗಿ ಮಗ್ಗಿ ಹೇಳಿಸು" ಎಂದರು. ಹೊಸಬರೇ, ಶಾಲೆಯಲ್ಲಿ ಸಮಾಜ ಕಾರ್ಯಕರ್ತೆ ಎಂದರೆ ಯಾವ ಟೀಚರ್ ಬಂದಿಲ್ಲವೋ ಆ ಟೀಚರ್. ಮೊಟ್ಟೆ ಹಂಚುವುದು, ಜಗಳ ಬಿಡಿಸುವುದು, ಬಿದ್ದವರಿಗೆ ಅರಿಸಿನ ಹಚ್ಚುವುದು ಇವೆಲ್ಲ ಪಠ್ಯದಲ್ಲಿರಲಿಲ್ಲ.

ಅದೇ ಶಾಲೆಯ ನಾಲ್ಕನೇ ತರಗತಿಯಲ್ಲಿ ರೇಣುಕಾ ಇದ್ದಳು. ರಾಯಚೂರು ಕಡೆಯವಳು, ಅವ್ವ ಅಲ್ಲೇ ಏಳುತ್ತಿದ್ದ ಅಪಾರ್ಟ್‌ಮೆಂಟಿನಲ್ಲಿ ಕಾಂಕ್ರೀಟ್ ಹೊರುವ ಕೂಲಿ. ಹುಡುಗಿ ಶಾಲೆಯಲ್ಲಿ ಒಂದು ಮಾತೂ ಆಡುತ್ತಿರಲಿಲ್ಲ. ಟೀಚರು "ಮಂದ" ಎಂದರು. ನಮ್ಮ ಸಂಸ್ಥೆಯ ತಜ್ಞೆ "ಆಘಾತಜನ್ಯ ಮೌನ" ಎಂದರು. ದೇಸಾಯಿ ಸರ್ ಖುದ್ದಾಗಿ ಬಂದು, ಅವಳೆದುರು ಮಂಡಿಯೂರಿ ಕೂತು, ತೆಲುಗಿನಲ್ಲಿ ಹೆಸರು ಕೇಳಿದರು, ಹಿಂದಿಯಲ್ಲಿ ಊರು ಕೇಳಿದರು, ಕೊನೆಗೆ ಎದ್ದು ಇಂಗ್ಲಿಷಿನಲ್ಲಿ ಮರುಗಿದರು. ಅವಳ ಭಾಷೆಯೊಂದು ಬಿಟ್ಟು ಎಲ್ಲ ಭಾಷೆ ಆಯಿತು.

ಮೌನ ಮುರಿದ ವಿಧಾನ ಹೀಗಿದೆ, ಸಂಶೋಧಕರು ಗುರುತು ಹಾಕಿಕೊಳ್ಳಬಹುದು. ಒಂದು ಮಧ್ಯಾಹ್ನ ನಾನು ವರಾಂಡದಲ್ಲಿ ನಿಂತು ಫೋನಿನಲ್ಲಿ ಅಮ್ಮನ ಹತ್ತಿರ ಬೈಸಿಕೊಳ್ಳುತ್ತಿದ್ದೆ. ಊಟದ ಡಬ್ಬಿಯನ್ನು ಮೆಟ್ರೋದಲ್ಲಿ ಬಿಟ್ಟು ಬಂದಿದ್ದೆ, ಅದೂ ಆ ತಿಂಗಳಲ್ಲಿ ಎರಡನೆಯದು. "ಆತ ಬಿಡ ಬೇ, ಸಂಜಿಗೆ ಕೇಳ್ತೀನಿ, ಈಗ ಒದರಬ್ಯಾಡ" ಎಂದು ಫೋನ್ ಇಟ್ಟೆ. ಹಿಂದಿನಿಂದ ಕಿಸಕ್ಕೆಂದು ನಗು. ತಿರುಗಿದರೆ ರೇಣುಕಾ.

"ನಿಮ್ಮವ್ವ ಭಾಳ ಬೈತಾಳೇನ್ರಿ ಅಕ್ಕಾ?"

ಇಷ್ಟೇ. ಹಂತ ಒಂದೂ ಇಲ್ಲ. ಮೌನ ಮುರಿದವಳು ಅವಳೇ, ಕಾರಣ ನಮ್ಮಮ್ಮ. ನಾನು ದಂಗಾಗಿ, "ಮತ್ತ ಕ್ಲಾಸಿನ್ಯಾಗ ಯಾಕ ಮಾತಾಡೂದಿಲ್ಲ ನೀನು?" ಎಂದೆ.

"ನಾ ತೆಲುಗು ಮಾತಾಡಿದ್ರ ನಗ್ತಾರ್ರಿ. ಮದಲನೇ ದಿನ ಟೀಚರೂ ನಕ್ರು. ಅದಕ್ಕ ಬಿಟ್ಟೀನ್ರಿ."

"ತೆಲುಗು ತಿಳಿತೈತಿ?"

"ಎಲ್ಲಾ ತಿಳಿತೈತ್ರಿ. ಓದಾಕೂ ಬರ್ತೈತಿ. ನಕ್ಕವ್ರ ಕೂಡ ಯಾಕ ಮಾತಾಡ್ಲಿ?"

ಅದು ಕಾಯಿಲೆಯಲ್ಲ, ನಿಲುವು. ವೇದಿಕೆಯ ಮೇಲೆ ನಾನು ಕಂಡ ಎಷ್ಟೋ ಭಾಷಣಕಾರರಿಗಿಂತ ಗಟ್ಟಿಯಾದ ನಿಲುವು. ತಿಂಗಳ ಸಭೆಯಲ್ಲಿ ಇದನ್ನು ಇದ್ದ ಹಾಗೆ ಹೇಳಿದೆ. ಎಲ್ಲರೂ ನಕ್ಕರು. ಮುಂದಿನ ತಿಂಗಳ ಹೊತ್ತಿಗೆ ಅದಕ್ಕೆ "ಸೇತುವೆ ವಿಧಾನ" ಎಂದು ಹೆಸರು ಬಂದಿತ್ತು, ಆರು ಹಂತಗಳ ಬಣ್ಣದ ಚಿತ್ರವೂ ತಯಾರಾಗಿತ್ತು. ಫೋನಿನಲ್ಲಿ ಬೈಸಿಕೊಳ್ಳುವುದು ಯಾವ ಹಂತದಲ್ಲೂ ಇರಲಿಲ್ಲ.

ಮನೆಭೇಟಿ ನಮ್ಮ ಕೆಲಸದ ಇನ್ನೊಂದು ಪದ್ಧತಿ. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಕಟ್ಟಡದ ಗೇಟಿಗೆ ಹೋದರೆ ಸೆಕ್ಯುರಿಟಿಯವನು, "ಫ್ಲಾಟ್ ನೋಡಬೇಕಾ? ಆಫೀಸ್ ಆ ಕಡೆ" ಎಂದ. ತಗಡಿನ ಶೆಡ್ಡು ನೋಡಬೇಕೆಂದಾಗ ಅನುಮಾನದಿಂದ ಬಿಟ್ಟ. ರೇಣುಕಾಳ ಅವ್ವ ಮಲ್ಲಮ್ಮ ಕೈತುಂಬ ಸಿಮೆಂಟಿನೊಂದಿಗೆ ಬಂದಳು. ಕೈಪಿಡಿಯಲ್ಲಿದ್ದಂತೆ ನಾನು ತೆಲುಗಿನಲ್ಲಿ ಪೀಠಿಕೆ ಹಾಕಿದೆ. ಆಕೆ ತಲೆಯಾಡಿಸುತ್ತ ಕೇಳಿದಳು. ನಡುವೆ ರೇಣುಕಾ, "ಅವ್ವಾ, ಅಕ್ಕಾರು ನಮ್ಮೋರ ಅದಾರ" ಎಂದಳು.

"ಹೌದೇನ್ರಿ? ಮತ್ತ ಇಷ್ಟೊತ್ತ ತೆಲುಗಿನ್ಯಾಗ ಯಾಕ ಹರಿಕಥಿ ಮಾಡಾಕತ್ತಿದ್ರಿ? ಕುಂದರ್ರಿ, ಚಾ ಕುಡೀರಿ."

ಚಹಾ ಕುಡಿಯುತ್ತ ನಿಜವಾದ ಸಂಗತಿ ತಿಳಿಯಿತು. ಕಟ್ಟಡಕ್ಕೆ ಕೊನೆಯ ಸ್ಲ್ಯಾಬ್ ಹಾಕಿ ಮುಗಿದ ಕೂಡಲೇ ಮೇಸ್ತ್ರಿ ಎಲ್ಲರನ್ನೂ ಪಟಾನ್‌ಚೆರುವಿನಾಚೆ ಹೊಸ ಕೆಲಸಕ್ಕೆ ಒಯ್ಯುವವನಿದ್ದ. ಅಲ್ಲಿ ಹತ್ತಿರ ಶಾಲೆಯಿಲ್ಲ. ತೊಟ್ಟಿಲಿನ ಮಗು ಬೇರೆ ಇತ್ತು. ಉಳಿದಿದ್ದ ದಾರಿ ಒಂದೇ: ಐದನೇ ತರಗತಿಯಿಂದ ಶುರುವಾಗುವ ಸರ್ಕಾರಿ ವಸತಿಶಾಲೆ. ಅದಕ್ಕೆ ಪ್ರವೇಶ ಪರೀಕ್ಷೆ ಬರೆಯಬೇಕು.

"ಸೀಟ್ ಸಿಕ್ರ ಕಳಸ್ತೀನ್ರಿ ಅಕ್ಕಾರ, ಅಡ್ಡ ಬರೂದಿಲ್ಲ" ಎಂದಳು ಮಲ್ಲಮ್ಮ. "ಸಿಗ್ಲಿಲ್ಲಂದ್ರ ಆಕಿ ನನ್ನ ಕೂಡ ಬರ್ತಾಳ. ಕೂಸಿನ್ನ ನೋಡಾಕ ಯಾರರ ಬೇಕಲ್ರಿ. ನಾ ಬುಟ್ಟಿ ಹೊರ್ಲ್ಯೋ, ಕೂಸ ಹೊರ್ಲ್ಯೋ?"

ಆ ದಿನದಿಂದ ಊಟದ ಬಿಡುವಿನಲ್ಲಿ ವರಾಂಡದ ಮೂಲೆಯಲ್ಲಿ ಅವಳಿಗೆ ಪಾಠ ಹೇಳತೊಡಗಿದೆ. ಗಣಿತದಲ್ಲಿ ನನಗಿಂತ ಚುರುಕು. ತೆಲುಗು ಬರವಣಿಗೆಯಲ್ಲಿ ತಲೆಕಟ್ಟುಗಳನ್ನು ಕನ್ನಡದ್ದಾಗಿ ಬರೆಯುತ್ತಿದ್ದಳು, ಅದನ್ನು ತಿದ್ದಿದ್ದೇ ನನ್ನ ಸಾಧನೆ.

ಪರೀಕ್ಷೆಯ ಭಾನುವಾರ ಗೊತ್ತಾಯಿತು. ಅದು ತಿಳಿದ ಮಾರನೆಯ ದಿನವೇ ದೇಸಾಯಿ ಸರ್ ನನ್ನನ್ನು ಕರೆದರು. ವಾರ್ಷಿಕ ದಾನಿಗಳ ಸಮಾವೇಶವೂ ಅದೇ ಭಾನುವಾರ, ಅದೇ ಹೊತ್ತು. ನಮ್ಮಲ್ಲಿ ಒಂದು ಸಂಪ್ರದಾಯವಿತ್ತು: ಸಮಾವೇಶದಲ್ಲಿ ಆ ವರ್ಷದ ಮಗುವನ್ನು ವೇದಿಕೆಗೆ ತಂದು ನಿಲ್ಲಿಸಬೇಕು. ಆ ವರ್ಷದ ಮಗು ರೇಣುಕಾ ಎಂದು ಆಮಂತ್ರಣದಲ್ಲಿ ಅಚ್ಚಾಗಿಬಿಟ್ಟಿತ್ತು.

"ಸರ್, ಅವಳಿಗೆ ಅವತ್ತು ಪರೀಕ್ಷೆ."

"ಬೇರೆ ಪರೀಕ್ಷೆ ಬರುತ್ತೆ."

"ಮುಂದಿನ ವರ್ಷ ಬರುತ್ತೆ ಸರ್. ಅಷ್ಟರಲ್ಲಿ ಅವಳು ಪಟಾನ್‌ಚೆರುವಿನಲ್ಲಿ ತಮ್ಮನನ್ನು ಎತ್ತಿಕೊಂಡಿರುತ್ತಾಳೆ."

ಅವರು ಅಸಿಡಿಟಿ ಮಾತ್ರೆಯೊಂದನ್ನು ಬಾಯಿಗೆ ಹಾಕಿಕೊಂಡರು. ಕೆಟ್ಟ ಮನುಷ್ಯರಲ್ಲ, ಆಗಿದ್ದರೆ ನನ್ನ ಕೆಲಸ ಸುಲಭವಿತ್ತು. "ಕೂತ್ಕೋ ಪಲ್ಲವಿ. ನೀನು ಡಿಬೇಟರ್ ಅಲ್ವಾ, ಕೇಳು. ಈ ಸಲ ದೊಡ್ಡ ದಾನಿ ಅನುಮಾನದಲ್ಲಿದ್ದಾರೆ. ಅವರು ಕೈಬಿಟ್ಟರೆ ಮುಂದಿನ ತಿಂಗಳಿಂದಲೇ ಫೆಲೋಶಿಪ್ ಇಲ್ಲ. ಸ್ವಪ್ನಾ ಏನು ಮಾಡ್ತಾಳೆ? ಅವಳಂಥವರು? ಅವರೆಲ್ಲ ನಾಳೆ ಹೋಗಿ ನೋಡಬೇಕಾದ ಸಾವಿರಾರು ಮಕ್ಕಳು? ಒಬ್ಬಳಿಗೋಸ್ಕರ ಅಷ್ಟು ಜನರನ್ನ ಬಿಡಬೇಕಾ?"

ವಾದ ಬಲವಾಗಿತ್ತು, ಒಪ್ಪುತ್ತೇನೆ. ತೀರ್ಪುಗಾರಳಾಗಿದ್ದರೆ ಅಂಕ ಕೊಡುತ್ತಿದ್ದೆ. ನಾನು ಹೇಳಿದ್ದು: "ಸರ್, ಆ ಸಾವಿರಾರು ಮಕ್ಕಳು ನಿಮ್ಮ ಭಾಷಣದಲ್ಲಿದ್ದಾರೆ. ಇವಳು ನಾಲ್ಕನೇ ಕ್ಲಾಸಿನ ಮೂರನೇ ಬೆಂಚಿನಲ್ಲಿದ್ದಾಳೆ. ಒಂದು ಮಗುವಿನ ಶಾಲೆ ಬಿಡಿಸಿ ತಂದ ದುಡ್ಡಿನಲ್ಲಿ ನಾವು ಮಕ್ಕಳನ್ನು ಶಾಲೆಯಲ್ಲಿ ಉಳಿಸುವುದನ್ನು ಕಲಿಯಬೇಕಾ?"

"ಒಳ್ಳೆ ವಾಕ್ಯ" ಎಂದರು ಅವರು. "ಅದನ್ನೇ ಸ್ಟೇಜಿನ ಮೇಲೆ ಹೇಳು. ಮಗುವನ್ನೂ ಕರಕೊಂಡು ಬಾ."

ಹೊರಗೆ ಸ್ವಪ್ನಾ ಕಾಯುತ್ತಿದ್ದಳು. ಎಲ್ಲ ಹೇಳಿದೆ. ನಾನು ಗೆದ್ದರೆ ಅವಳ ಓದು ಹೋಗಬಹುದಿತ್ತು, ಅವಳು ಗೆದ್ದರೆ ರೇಣುಕಾಳದ್ದು. ಯಾವ ಚರ್ಚಾಕೂಟದಲ್ಲೂ ನನಗೆ ಇಂಥ ಎದುರಾಳಿ ಸಿಕ್ಕಿರಲಿಲ್ಲ.

"ನೀನು ಅವಳನ್ನ ಪರೀಕ್ಷೆಗೆ ಕರಕೊಂಡು ಹೋಗು" ಎಂದಳು. "ಇಲ್ಲಿಯದು ನಾನು ನೋಡ್ಕೋತೀನಿ."

"ಏನು ನೋಡ್ಕೋತೀ?"

"ನೀನು ಪ್ರಶ್ನೆ ಕೇಳೋದು ಸ್ವಲ್ಪ ಕಡಿಮೆ ಮಾಡು ಯಾರ್."

ಭಾನುವಾರ ಬೆಳಿಗ್ಗೆ ರೇಣುಕಾಳನ್ನು ಬಸ್ಸಿನಲ್ಲಿ ಪರೀಕ್ಷಾ ಕೇಂದ್ರಕ್ಕೆ ಕರೆದೊಯ್ದೆ. ಮಲ್ಲಮ್ಮ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆರಳು ಹಾಕಿ ಕಳಿಸಿದ್ದಳು. ಗೇಟಿನ ಬಳಿ ಹುಡುಗಿ ನನ್ನ ಕೈ ಹಿಡಿದು ನಿಂತಳು.

"ಅಕ್ಕಾ, ಒಳಗ ಮಾತಾಡಬೇಕೇನ್ರಿ?"

"ಇಲ್ಲ. ಬರೆಯೋದಷ್ಟ. ಮಾತಾಡಿದ್ರ ಹೊರಗ ಹಾಕ್ತಾರ."

ಅವಳ ಮುಖ ಅರಳಿತು. "ಹಂಗಾದ್ರ ಚಲೋ ಆತ ಬಿಡ್ರಿ" ಎಂದು ಒಳಗೆ ನಡೆದಳು. ಇಡೀ ಶಾಲೆ ರೋಗವೆಂದು ಕರೆದಿದ್ದ ಗುಣ ಅಂದು ಅಲ್ಲಿ ನಿಯಮವಾಗಿತ್ತು. ನಾನು ಹೊರಗೆ ಬೇವಿನ ನೆರಳಲ್ಲಿ, ಫೋನ್ ಆಫ್ ಮಾಡಿ ಕೂತೆ.

ಸಂಜೆ ಫೋನ್ ಹಚ್ಚಿದಾಗ ಬೈಗುಳದ ಬದಲು ಅಭಿನಂದನೆಗಳು ಬಂದಿದ್ದವು. ಸಮಾವೇಶ ಅಮೋಘ. ಮಗು ಅದ್ಭುತವಾಗಿ ಮಾತಾಡಿತು. ದಾನಿ ಅತ್ತರು. ಇನ್ನೂ ಐದು ವರ್ಷ ನೆರವು ಘೋಷಣೆಯಾಯಿತು.

ಯಾವ ಮಗು? ಸ್ವಪ್ನಾಳ ಅಕ್ಕನ ಮಗಳು, ಹನಿ. ಮಿಯಾಪುರದ ಇಂಗ್ಲಿಷ್ ಶಾಲೆಯಲ್ಲಿ ಓದುವವಳು, ಪದ್ಯ ಹೇಳುವುದರಲ್ಲಿ ಬಹುಮಾನ ಗೆದ್ದವಳು. ಸ್ವಪ್ನಾ ಅವಳಿಗೆ ಎರಡು ಹೆರಳು ಹಾಕಿ, ಬಣ್ಣ ಮಾಸಿದ ಸಮವಸ್ತ್ರ ತೊಡಿಸಿ, ಆರನೇ ಮಹಡಿಯಲ್ಲಿ ಕಲಿತದ್ದನ್ನೆಲ್ಲ ಅಭ್ಯಾಸ ಮಾಡಿಸಿದ್ದಳು. ಮೊದಲು ತಲೆ ತಗ್ಗಿಸಿ ನಿಲ್ಲು, ಮೈಕ್ ನೋಡಿ ಹೆದರು, ಆಮೇಲೆ ನಿಧಾನ. ಎರಡು ವರ್ಷದ ತರಬೇತಿಯಲ್ಲಿ ಪೂರ್ತಿ ಫಲ ಕೊಟ್ಟ ಪಾಠ ಅದೊಂದೇ. ಭಾವುಕರಾದ ದಾನಿಯೊಬ್ಬರು ಮಗುವಿಗೆ ಅಲ್ಲೇ ಸೈಕಲ್ ಘೋಷಿಸಿದರು. ಅದು ಇಂದಿಗೂ ಮಿಯಾಪುರದ ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿದೆ. ಅದರ ಮೇಲೆ ಟವೆಲ್ ಒಣಗಿಸುತ್ತಾರೆ.

ಇದು ನನ್ನ ಮೂರನೆಯ ಆಕ್ಷೇಪಣೆ.

ದೇಸಾಯಿ ಸರ್‌ಗೆ ಗೊತ್ತಿತ್ತೇ? ಸೋಮವಾರ ನೇರವಾಗಿ ಕೇಳಿದೆ. ಮಂಡಿಯೂರಿ ಮುಖ ನೋಡಿದ್ದ ಮನುಷ್ಯ, ಗೊತ್ತಾಗದೆ ಇರಲು ಸಾಧ್ಯವಿಲ್ಲ.

"ಅದು ಪ್ರಾತಿನಿಧಿಕ ಮಗು, ಪಲ್ಲವಿ" ಎಂದರು. "ಕಥೆ ನಿಜ. ಮುಖ ಯಾವುದಾದರೇನು? ನಿನ್ನ ರೇಣುಕಾ ಪರೀಕ್ಷೆ ಬರೆದಳು. ಸ್ವಪ್ನಾ ಓದ್ತಾಳೆ. ಯಾರಿಗೆ ನಷ್ಟ ಆಯ್ತು, ಹೇಳು?"

ಆ ವಾದದಲ್ಲಿ ಎಲ್ಲೋ ತೂತಿದೆ ಎಂದು ಗೊತ್ತಿತ್ತು, ಬೆರಳಿಡಲು ಆಗಲಿಲ್ಲ. ಬಾಂಡಿನ ಮೂರು ವರ್ಷ ಬೇರೆ ಬೇರೆ ಶಾಲೆಗಳಲ್ಲಿ ಅದನ್ನೇ ಹುಡುಕಿದೆ.

ರೇಣುಕಾಗೆ ಸೀಟು ಸಿಕ್ಕಿತು. ಹೆಡ್‌ಮಿಸ್ಟ್ರೆಸ್, "ಆ ಮೂಗಿಗಾ?" ಎಂದು ಎರಡು ಸಲ ಕೇಳಿದರು. ಕಟ್ಟಡದ ಕೊನೆಯ ಸ್ಲ್ಯಾಬ್ ಹಾಕಿ ಮುಗಿಯಿತು, ಮಲ್ಲಮ್ಮ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಪಟಾನ್‌ಚೆರುವಿಗೆ ಹೋದಳು, ಮಗಳು ತಗಡಿನ ಪೆಟ್ಟಿಗೆಯೊಂದಿಗೆ ಹಾಸ್ಟೆಲಿಗೆ.

ವಿಧಾನಗಳೂ ಬದಲಾದವು. ಹಳೆಯ ಸೀರೆಯ ನಾಟಕ ನಿಂತು ಮೊಬೈಲ್ ಆ್ಯಪ್ ಬಂತು. ಮಗುವಿನ ಮನಸ್ಥಿತಿಗೆ ಐದು ಹಳದಿ ಮುಖಗಳು, ಒಂದನ್ನು ಒತ್ತಿದರೆ ಸಾಕು. ಒಮ್ಮೆ ಉಪ್ಪಲ್‌ನ ಶಾಲೆಯೊಂದರಲ್ಲಿ, ಅಪ್ಪನನ್ನು ಕಳಕೊಂಡ ಹುಡುಗನ ಹೆಸರಿನ ಮುಂದೆ ನಾನು ಅವಸರದಲ್ಲಿ ನಗುವ ಮುಖ ಒತ್ತಿಬಿಟ್ಟೆ. ತಿದ್ದಲು ಆ್ಯಪ್ ಬಿಡಲಿಲ್ಲ. ಆ ತಿಂಗಳ ವರದಿಯಲ್ಲಿ ನಮ್ಮ ಶಾಲೆಯ ಸಂತೋಷ ಏರಿತ್ತು, ಮೇಲಿನವರು ಶ್ಲಾಘಿಸಿದರು. ಬಾಂಡ್ ಮುಗಿದ ದಿನವೇ ನಾನು ರಾಜೀನಾಮೆ ಕೊಟ್ಟೆ. ಸ್ವಪ್ನಾ ಇನ್ನೂ ಅಲ್ಲೇ ಇದ್ದಾಳೆ, ಒಳ್ಳೆಯ ಕೆಲಸಗಾರ್ತಿ. ಮಕ್ಕಳು ಅವಳ ಹಿಂದೆಯೇ ಓಡಾಡುತ್ತಾರೆ. ಇದನ್ನು ನನ್ನ ವಾದದ ವಿರುದ್ಧವಾಗಿಯೇ ಹೇಳುತ್ತಿದ್ದೇನೆ.

ಈ ಸಲ ದಸರೆಯ ರಜೆಯಲ್ಲಿ ದೇಸಾಯಿ ಸರ್ ಫೋನ್ ಮಾಡಿ, ಹೊಸ ತಂಡಕ್ಕೆ ಹಿರಿಯಳಾಗಿ ನಾಲ್ಕು ಮಾತು ಹೇಳಲು ಕರೆದರು. ರೇಣುಕಾ ಈಗ ಎಂಟನೇ ತರಗತಿ. ರಜೆಗೆ ಅವ್ವನ ಬಳಿ ಬಂದಿದ್ದಳು. ಮೆಟ್ರೋ ತೋರಿಸುವೆನೆಂದು ಎಂದೋ ಮಾತು ಕೊಟ್ಟಿದ್ದೆ, ಜೊತೆಗೆ ಕರೆದುಕೊಂಡು ಹೋದೆ. ಹಿಂದಿನ ಸಾಲಿನಲ್ಲಿ ಕೂತೆವು. ಹಾಲ್ ಅಷ್ಟೇ ತಂಪಾಗಿತ್ತು. ಲೈಟ್ ಆರಿತು. ಸರ್ ಕಥೆ ಶುರು ಮಾಡಿದರು: ಒಂದು ಸರ್ಕಾರಿ ಶಾಲೆ, ಅಲ್ಲೊಬ್ಬಳು ಹುಡುಗಿ, ಹೆಸರು ರೇಣುಕಾ. ಪರದೆಯ ಮೇಲೆ ಎರಡು ಹೆರಳಿನ ಹನಿ, ಕೈಯಲ್ಲಿ ಮೈಕ್.

ಪಕ್ಕದಲ್ಲಿದ್ದವಳು ನನ್ನ ತೋಳು ಹಿಡಿದಳು. "ಅಕ್ಕಾ, ಆಕಿ ಯಾರ್ರಿ?"

"ನೀನ ಅಂತ."

"ನಾನ?" ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ನಗಲಿಲ್ಲ. ಕತ್ತಲಲ್ಲಿ ಪರದೆಯನ್ನೇ ನೋಡುತ್ತ ಕೂತಳು. ಸ್ವಲ್ಪ ಹೊತ್ತಿಗೆ, "ಆ ಸರ್ ನಮ್ಮೋರಲ್ರೀ? ನೀವ ಹೇಳಿದ್ರಿ" ಎಂದಳು.

"ಹೂಂ. ಗುಲ್ಬರ್ಗಾ ಕಡೆಯವ್ರು."

ಕಥೆ ಮುಗಿಯಿತು. ಲೈಟ್ ಹತ್ತಿತು. ಬಾಗಿಲ ಬಳಿ ಚಹಾದ ಕಪ್ಪುಗಳ ಸದ್ದು. ಸರ್ ಕನ್ನಡಕ ಒರೆಸಿಕೊಳ್ಳುತ್ತ, ಯಾರಿಗಾದರೂ ಪ್ರಶ್ನೆಗಳಿವೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹೊಸಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಕೇಳಲೆಂದು ವರ್ಷಗಟ್ಟಲೆ ತಿದ್ದಿಟ್ಟುಕೊಂಡ ವಾಕ್ಯಗಳಿದ್ದವು. ಕೈ ಎತ್ತುವ ಮೊದಲೇ ಪಕ್ಕದಲ್ಲಿ ಕುರ್ಚಿ ಸರಿದ ಸದ್ದಾಯಿತು. ರೇಣುಕಾ ಎದ್ದು ನಿಂತಿದ್ದಳು. ಯಾರೋ ಮೈಕ್ ದಾಟಿಸಿದರು. ಅವಳು ಅದಕ್ಕೆ ಹೆದರಲಿಲ್ಲ.

"ನಮಸ್ಕಾರ್ರಿ ಸರ. ನಾ ರೇಣುಕಾ ಅದೀನ್ರಿ. ಅವತ್ತ ಸ್ಟೇಜ್ ಮ್ಯಾಲ ನಿಂತು ನಾ ಮಾತಾಡಿದ್ನಿ ಅಂತ ಈಗ ಹೇಳಿದ್ರಲ್ರಿ," ಎಂದಳು, "ನಾ ಏನಂತ ಮಾತಾಡಿದ್ನಿರಿ?"